ಗುಡ್ಡ ಹತ್ತಿದ ಮಿರ್ಚಿ ಬಾಣಲೆ

ಮೌನ ಬಂಗಾರ ಎಂಬ ಮಾತು ನಿಜವಾಗಿದ್ದರೆ ಬೆಟಗೇರಿಯ ಮನೋಹರ ಇಷ್ಟು ಹೊತ್ತಿಗೆ ಊರಿಗೇ ದೊಡ್ಡ ಸಾಹುಕಾರನಾಗಬೇಕಿತ್ತು. ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಉದುರುವ ಮಾತುಗಳನ್ನು ಒಂದು ಬೊಗಸೆಯಲ್ಲಿ ಹಿಡಿಯಬಹುದು. ಮೊದಲು ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದ, ಆಗ ಮಗ್ಗದ ಸಪ್ಪಳವೇ ಅವನ ಪಾಲಿನ ಮಾತನ್ನೂ ಆಡುತ್ತಿತ್ತು. ಕೈಮಗ್ಗಕ್ಕೆ ಕೆಲಸ ತಪ್ಪಿದ ಮೇಲೆ ಮನೆಯೊಳಗಿನ ಮಗ್ಗದ ಕುಣಿಗೆ ಕಲ್ಲುಚಪ್ಪಡಿ ಮುಚ್ಚಿ, ಮಿರ್ಚಿ ಬಜ್ಜಿಯ ಗಾಡಿ ಹಾಕಿದ. ಅಲ್ಲಿಯೂ ಬಾಣಲೆಯ ಎಣ್ಣೆಯೇ ಮಾತಾಡಬೇಕು. ಗಿರಾಕಿಗಳೊಡನೆ ಮಾತು, ನಗೆ, ಜಗಳ ಎಲ್ಲಾ ಹೆಂಡತಿ ರೋಹಿಣಿಯದು.

ಹೋದ ವರ್ಷ ಯಾರದೋ ತೋಟದಲ್ಲಿ ಮದುವೆಯ ಮಿರ್ಚಿ ಕರಿಯುವಾಗ ಅವನ ಕೈಗೆ ಒಂದೇ ಒಂದು ಜೇನುಹುಳ ಕಡಿಯಿತು. ಊರ ಮಂದಿಗೆಲ್ಲ ಜೇನು ಕಡಿಯುತ್ತದೆ, ಸುಣ್ಣ ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಇವನ ಮುಖ ಮಾತ್ರ ಗಡಿಗೆಯ ಹಾಗೆ ಊದಿತು, ಉಸಿರು ಸಿಕ್ಕಿಕೊಂಡಿತು. ಬದುಕಿಸಿದ ಡಾಕ್ಟರು ರೋಹಿಣಿಯನ್ನು ಕೂರಿಸಿಕೊಂಡು ಹೇಳಿದ್ದರು: "ಇವರಿಗೆ ಜೇನಿನ ವಿಷ ಆಗಿಬರೂದಿಲ್ಲ. ಇನ್ನೊಮ್ಮಿ ಕಡದ್ರ ಜೀವಕ್ಕ ಅಪಾಯ ಐತಿ. ಗಂಟಲದಾಗ ಬಾವು ಬಂದ್ರ ಮೊದಲ ಧ್ವನಿ ಕೆಡತೈತಿ, ಆಮ್ಯಾಲ ಉಸಿರು. ಧ್ವನಿ ಕೆಟ್ಟತಂದ್ರ ಒಂದ ನಿಮಿಷನೂ ತಡಾ ಮಾಡಬ್ಯಾಡ್ರಿ." ಅಂದಿನಿಂದ ರೋಹಿಣಿ ಮನೆಗೆ ಬಂದ ನೊಣವನ್ನೂ ಅನುಮಾನದಿಂದ ನೋಡತೊಡಗಿದಳು.

ಇಂಥವನನ್ನು ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋದವರು ಅಂದಾನಪ್ಪನವರು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ, ತಿನ್ನುವುದರಲ್ಲಿ ಶೂರ, ಗದಗ-ಬೆಟಗೇರಿಗೆ ಬಂದಾಗಲೆಲ್ಲ ಮನೋಹರನ ಗಾಡಿಗೆ ಕಾಣಿಕೆ ಸಲ್ಲಿಸದೆ ಹೋದವರಲ್ಲ. ಆ ವರ್ಷ ಮಳೆ ಚೆನ್ನಾಗಿ ಆಗಿದ್ದರಿಂದ ಹೋಳಿ ಹುಣ್ಣಿಮೆ ದಾಟಿದರೂ ಗುಡ್ಡದ ಜಲಪಾತ ದಬದಬಿಯಲ್ಲಿ ನೀರು ಬೀಳುತ್ತಲೇ ಇತ್ತು. ಮೊಬೈಲಿನಲ್ಲಿ ವಿಡಿಯೊ ನೋಡಿದವರೆಲ್ಲ ಅಲ್ಲಿಗೆ ಮುಗಿಬಿದ್ದಿದ್ದರು. ಅಂದಾನಪ್ಪನವರೂ ಬೀಗರು ನೆಂಟರನ್ನೆಲ್ಲ ಕಟ್ಟಿಕೊಂಡು ಹೊರಟರು. ನೀರು ಬೀಳುವಲ್ಲಿ ಬಿಸಿ ಮಿರ್ಚಿ ಇಲ್ಲದಿದ್ದರೆ ಅದೆಂಥ ಪ್ರವಾಸ!

"ಗುಡ್ಡದ ಕೆಳಗ ಅಷ್ಟ ಕರೀತೇನಿ," ಎಂದಿದ್ದ ಮನೋಹರ. ರೋಹಿಣಿಗೆ ನಂಬಿಕೆ ಬರಲಿಲ್ಲ. ಕಾವಲಿಗೆಂದು ತಾನೂ ಬಾಡಿಗೆಗೆ ಹಿಡಿದಿದ್ದ ಅಯ್ಯೂಬನ ಟೆಂಪೊ ಹತ್ತಿದಳು.

ಹಾದಿ ಶುರುವಾಗುವಲ್ಲಿ ಅರಣ್ಯದ ಕಾವಲುಗಾರ ಮಹಬೂಬಸಾಬ ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದ: "ಮ್ಯಾಲ ಬೆಂಕಿ ಹಚ್ಚಬ್ಯಾಡ್ರಿ. ದಬದಬಿ ಬಂಡೆಗಲ್ಲಿಗೆ ಹೆಜ್ಜೇನು ಕಟ್ಟ್ಯಾವ." ಆ ಮಾತು ಕೇಳಿದ್ದೇ ರೋಹಿಣಿ ಗಂಡನ ಒಲೆಯನ್ನು ಟೆಂಪೊದ ಪಕ್ಕದಲ್ಲೇ ಹೂಡಿಸಿ, ಎದುರಿಗೆ ಕೂತು ಮೆಣಸಿನಕಾಯಿ ಸೀಳತೊಡಗಿದಳು. ಮುತ್ತುಗ ಕೆಂಪಗೆ ಹೂಬಿಟ್ಟಿತ್ತು, ಬೇವು ಚಿಗುರಿತ್ತು. ಬೇರೆಯವರಿಗೆ ಅದು ವಸಂತ. ಅವಳಿಗೆ ಮಾತ್ರ ಪ್ರತಿ ಹೂವೂ ಜೇನುಹುಳದ ಅಂಗಡಿಯಾಗಿ ಕಂಡಿತು.

ಅಂದಾನಪ್ಪನವರು ಮೇಲಿಂದ ಇಬ್ಬರು ಹುಡುಗರನ್ನು ಕರೆದುಕೊಂಡು ಏದುಸಿರು ಬಿಡುತ್ತ ಇಳಿದು ಬಂದರು. ಮಹಬೂಬಸಾಬ ಆಗ ಇನ್ನೊಂದು ಗುಂಪಿನ ಹಿಂದೆ ಹೋಗಿದ್ದ.

"ಮನೋಹರಾ, ಇಲ್ಲಿ ಕರದು ಮ್ಯಾಲ ತಂದ್ರ ಆರಿ ಹೋಗತಾವಪಾ. ಮಂದಿ ಎಲ್ಲಾ ನಿನ್ನ ಮಿರ್ಚಿ ದಾರಿ ನೋಡಾಕಹತ್ತೈತಿ. ನಡಿ ಮ್ಯಾಲ."

"ಬ್ಯಾಡ್ರಿ ಸಾವಕಾರ್ರ," ರೋಹಿಣಿ ಎದ್ದು ನಿಂತಳು. "ಜೇನಹುಳ ಇವರಿಗೆ ಆಗಿಬರೂದಿಲ್ರಿ. ಜೀವಕ್ಕ ಕುತ್ತ ಐತಿ."

"ಏ ತಂಗಿ, ಹುಳ ಎಲ್ಲೋ, ನಾವೆಲ್ಲೋ! ದೂರ ಕುಂತು ಕರದ್ರಾತು."

ರೋಹಿಣಿ ಗಂಡನ ಮುಖ ನೋಡಿದಳು. ಒಲ್ಲೆ ಅನ್ನಲಿ ದೇವರೇ, ಇವತ್ತಾದರೂ ಒಂದು ಮಾತು ಆಡಲಿ ಎಂದುಕೊಂಡಳು. ಅವನು ಬಾಣಲೆ ಎತ್ತಿ ಹೆಗಲಿಗಿಟ್ಟುಕೊಂಡ. ಹುಡುಗರು ಸಿಲಿಂಡರು, ಎಣ್ಣೆಯ ಡಬ್ಬಿ ಎತ್ತಿಕೊಂಡರು. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದರೂ ಅವಳು ಕಡಲೆಹಿಟ್ಟಿನ ದೊಡ್ಡ ಡಬರಿ ಹೊತ್ತು ಹಿಂದೆಯೇ ನಡೆದಳು. ಬಿಟ್ಟು ಕೂತರೆ ಕಾಯುವವರು ಯಾರು?

ಹಾದಿಯುದ್ದಕ್ಕೂ ಜಾರುವ ಕಲ್ಲು, ಇಕ್ಕಟ್ಟು, ಇಳಿಯುವವರ ನೂಕಾಟ. ಮೇಲೆ ತಲುಪಿದಾಗ ಅವಳು ನೀರನ್ನು ನೋಡಲಿಲ್ಲ. ನೀರಿನ ಪಕ್ಕದ ಬಂಡೆಯ ಚಾಚಿನಡಿ ಕಪ್ಪಗೆ ಜೋತುಬಿದ್ದಿದ್ದ ಜೇನುಹುಟ್ಟುಗಳನ್ನು ನೋಡಿದಳು. ಒಂದೊಂದೂ ಮೊರದಗಲ ಇದ್ದವು. ಗಾಳಿ ಬೀಸುವ ದಿಕ್ಕು ನೋಡಿ, ಬಂಡೆಯಿಂದ ಸಾಧ್ಯವಾದಷ್ಟು ದೂರ, ದೊಡ್ಡ ಕಲ್ಲೊಂದರ ಮರೆಯಲ್ಲಿ ಒಲೆ ಇಡಿಸಿದಳು.

ಮೊದಲ ಬಾಣಲೆ ಸುರಳೀತ ಇಳಿಯಿತು. ಜನ "ವಾಹ್" ಎನ್ನುತ್ತ ಬಾಯಿ ಸುಟ್ಟುಕೊಂಡು ತಿಂದರು. ಮನೋಹರನ ಮುಖದಲ್ಲಿ ಅಪರೂಪದ ಒಂದು ನಗು ಕಂಡಿತು. ಎರಡನೆಯದಕ್ಕೆ ಕೈ ಹಾಕಿದಾಗ ಗಾಳಿ ತಿರುಗಿತು. ಅದೇ ಹೊತ್ತಿಗೆ ಹಿಟ್ಟು ಹತ್ತದ ಮೆಣಸಿನಕಾಯಿಯೊಂದು ಎಣ್ಣೆಗೆ ಬಿದ್ದು ಸಿಡಿಯಿತು. ಘಾಟು ಎದ್ದಿತು. ಮಂದಿ ಕೆಮ್ಮುತ್ತ ನಗುತ್ತಿದ್ದರು. ರೋಹಿಣಿ ತಲೆಯೆತ್ತಿ ನೋಡಿದಳು. ಹುಟ್ಟಿನ ಮೇಲೆ ಅಲೆಯೊಂದು ಹರಿದು ಹೋಯಿತು. ಇನ್ನೊಂದು ಹರಿಯಿತು. ಆಮೇಲೆ ಹುಟ್ಟಿಗೆ ಹುಟ್ಟೇ ಬಿಚ್ಚಿಕೊಂಡು ಗಾಳಿಗೆ ಬಂತು.

"ಓಡ್ರಿ!" ಎಂದು ಕಿರುಚಿದಳು.

ಕೆಲವರು ಕೆಳಗೆ ಓಡಿದರು, ಕೆಲವರು ನೀರಿಗೆ ಬಿದ್ದರು. ಅಂದಾನಪ್ಪನವರು ಬೋಳುತಲೆಗೆ ಪ್ಲಾಸ್ಟಿಕ್ ಬುಟ್ಟಿ ಮುಚ್ಚಿಕೊಂಡು ಬೀಗರಿಗಿಂತ ಮುಂದೆ ಓಡಿದರು. ಮನೋಹರ ಓಡಲಿಲ್ಲ. ಕುದಿಯುವ ಎಣ್ಣೆ ಮಕ್ಕಳ ಮೇಲೆ ಉರುಳೀತೆಂದು ಒಂದು ಕೈಯಲ್ಲಿ ಬಾಣಲೆ ಹಿಡಿದು ಇನ್ನೊಂದು ಕೈಯಲ್ಲಿ ಗ್ಯಾಸು ಆರಿಸುತ್ತಿದ್ದ. ಗುಂಯ್ ಎನ್ನುವ ಸದ್ದು ಹತ್ತಿರ ಬಂತು. ರೋಹಿಣಿಗೆ ಹೊದಿಸಲು ಕಂಬಳಿ ಇಲ್ಲ, ಚಾದರ ಇಲ್ಲ. ಕೈಗೆ ಸಿಕ್ಕಿದ್ದು ಹಿಟ್ಟಿನ ಡಬರಿ. ಎತ್ತಿದವಳೇ ಗಂಡನ ತಲೆಯ ಮೇಲೆ ಬೋರಲು ಹಾಕಿದಳು. ಮುಖ, ಕುತ್ತಿಗೆ, ಕೈಗಳಿಗೆಲ್ಲ ಹಿಟ್ಟನ್ನು ದಪ್ಪಗೆ ಬಳಿದು, ಕಲ್ಲಿನ ಸಂದಿಗೆ ನೂಕಿ, ಅವನ ಮೇಲೆ ತಾನೇ ಕವಿದುಕೊಂಡಳು. ಬೆನ್ನಿಗೆ, ತೋಳಿಗೆ ಕೊಳ್ಳಿ ಇಟ್ಟಂತಾಗತೊಡಗಿತು. ಅವಳು ಅಲುಗಲಿಲ್ಲ.

ಹುಳಗಳು ಬಂಡೆಗೆ ತಿರುಗಿ ಸದ್ದಡಗಿದ ಮೇಲೆ ಇಬ್ಬರೂ ತೆವಳುತ್ತ ಕೆಳಗಿಳಿದರು. ಉಳಿದವರಿಗೆ ಅಲ್ಲಲ್ಲಿ ಕಡಿದಿತ್ತು, ಜೀವಕ್ಕೇನೂ ಆಗಿರಲಿಲ್ಲ. ಹಳ್ಳದ ನೀರಿನಲ್ಲಿ ಗಂಡನ ಮುಖದ ಹಿಟ್ಟು ತೊಳೆಯುತ್ತ ರೋಹಿಣಿ ಒಂದೊಂದೇ ಜಾಗ ಸವರಿ ನೋಡಿದಳು. ಹಣೆ ಸರಿ, ಕುತ್ತಿಗೆ ಸರಿ. ಕಿವಿಯ ಹಿಂದೆ ಒಂದು ಕೆಂಪು ಗುಳ್ಳೆ ಇತ್ತು, ನಡುವೆ ಮುಳ್ಳು.

ಉಗುರಿನಿಂದ ಮುಳ್ಳು ಕೆರೆದು ತೆಗೆದಳು. "ಅಯ್ಯೂಬಣ್ಣಾ, ಗಾಡಿ ತಗಿ! ಜಲ್ದಿ ಮುಂಡರಗಿ ದವಾಖಾನಿಗೆ!"

ಟೆಂಪೊದ ಹಿಂಭಾಗದಲ್ಲಿ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಮೊದಲು ಧ್ವನಿ ಕೆಡುತ್ತದೆ ಎಂದಿದ್ದರಲ್ಲ ಡಾಕ್ಟರು? ಸುಮ್ಮನೆ ಕೂತವನ ಧ್ವನಿ ಕೆಟ್ಟದ್ದು ಯಾರಿಗೆ ತಿಳಿಯಬೇಕು!

"ಮಾತಾಡ್ರಿ."

"ಏನ ಮಾತಾಡ್ಲಿ?"

"ಏನರ ಮಾತಾಡ್ರಿ. ಬಿಡದಂಗ ಮಾತಾಡ್ರಿ. ನನಗ ನಿಮ್ಮ ಧ್ವನಿ ಕೇಳಬೇಕು."

ಅವನು ಯೋಚಿಸಿದ. ಸಂಸಾರ ಮಾಡಿ ಇಷ್ಟು ವರ್ಷವಾದರೂ ಹೆಂಡತಿಯೊಡನೆ ಆಡಲು ಮಾತು ಸಿಗಲಿಲ್ಲ. "ಹಾದಿ ಕೆಟ್ಟೈತಿ," ಎಂದ. ಮತ್ತೆ ಸುಮ್ಮನಾದ. ಕಿವಿಯ ಹಿಂದಿನ ಕೆಂಪು ಕೆನ್ನೆಗೆ ಹಬ್ಬುತ್ತಿತ್ತು. ರೋಹಿಣಿಗೆ ಭಯ, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿದವು.

"ಯಾಕ ಮ್ಯಾಲ ಹೋಗಿ ಒಲಿ ಹಚ್ಚಿದ್ರಿ? ಅದನ್ನರ ಹೇಳ್ರಿ! ಒಲ್ಲೆ ಅನ್ನಾಕ ನಿಮಗ ಏನ ಧಾಡಿ?"

ಅವನು ಹೊರಗೆ ನೋಡುತ್ತ ಶುರುಮಾಡಿದ. "ಅಷ್ಟ ವರ್ಷ ಸೀರಿ ನೇಯ್ದೆ. ಒಬ್ಬರರ ಚಲೋ ಆಗೇತಿ ಅಂದ್ರನ? ಸೀರಿ ಸಾವಕಾರ ಬೆಳಕಿಗೆ ಹಿಡದು ತಪ್ಪು ಹುಡಕತಿದ್ದ. ಸಿಕ್ರ ಬೈತಿದ್ದ, ಸಿಗಲಿಲ್ಲಂದ್ರ ಮಡಚಿ ಇಡತಿದ್ದ. ಯಾವಾಕಿ ಉಟ್ಲೋ, ಆಕಿಗೆ ಹೆಂಗ ಕಂಡತೋ, ನನಗೇನ ಗೊತ್ತಾಗತೈತಿ? ಮಿರ್ಚಿ ಹಂಗಲ್ಲ. ನನ್ನ ಕಣ್ಣೆದುರ ತಿಂತಾರ. ಖಾರಕ್ಕ ಹಾ ಹಾ ಅಂತಾರ, ಮತ್ತ ಕೈ ಚಾಚತಾರ. ಅಷ್ಟ ಮಂದಿ ನನ್ನ ದಾರಿ ನೋಡತಾರಂದ್ರ ಒಲ್ಲೆ ಅನ್ನಾಕ ನನಗ ಬಾಯಿ ಬರೂದಿಲ್ಲ."

ಇಷ್ಟು ಉದ್ದದ ಮಾತನ್ನು ರೋಹಿಣಿ ಅವನ ಬಾಯಲ್ಲಿ ಕೇಳಿರಲಿಲ್ಲ.

"ಮದುವಿ ಆದ ಮರುವರ್ಷ ನಿನಗೊಂದು ನೇಯ್ದಿದ್ದೆ," ಎಂದ ಅವನು. "ಹಸರು ಸೀರಿ. ದಿನಾ ಒಂದೀಟ, ಯಾರಿಗೂ ಕಾಣದಂಗ. ನೀ ಉಟ್ಟಿ. ನೀನೂ ಏನೂ ಅನ್ಲಿಲ್ಲ."

ಕೊನೆಯ ಮಾತಿಗೆ ಧ್ವನಿ ಒಡೆಯಿತು. ಮುಂದೆ ಏನೋ ಹೇಳಲು ಹೋದ, ಬರೀ ಗೊರಗೊರ ಶಬ್ದ ಬಂತು.

ರೋಹಿಣಿಗೆ ಜೀವವೇ ಹೋದಂತಾಯಿತು. "ಅಯ್ಯೂಬಣ್ಣಾ! ಧ್ವನಿ ಹೋತು! ಓಡಸೋ!" ಎಂದು ಟೆಂಪೊದ ತಗಡು ಬಡಿದಳು. ಗಂಡನ ಎದೆಯನ್ನು ಎರಡೂ ಕೈಯಿಂದ ಉಜ್ಜುತ್ತ, ಇರುವ ದೇವರನ್ನೆಲ್ಲ ಕರೆದಳು. ತನ್ನ ಬೆನ್ನು ಉರಿಯುತ್ತಿರುವುದು ಅವಳ ಗಮನಕ್ಕೇ ಇರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ತಡಮಾಡದೆ ತೊಡೆಗೆ ಇಂಜೆಕ್ಷನ್ ಕೊಟ್ಟರು. ಬಾಯಿ ತೆರೆಸಿ ಬ್ಯಾಟರಿ ಹಿಡಿದು ಒಳಗೆ ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು, ಮತ್ತೆ ಬಾಯೊಳಗೆ ನೋಡಿದರು. ರೋಹಿಣಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಗಂಟಲದಾಗ ಬಾವು ಇಲ್ಲ. ಉಸಿರೂ ಸಾಫ್ ಐತಿ. ಚರ್ಮಕ್ಕ ಅಷ್ಟ ಆಗೇತಿ, ಇಳೀತೈತಿ. ರಾತ್ರಿ ಇಲ್ಲೇ ಇರ್ರಿ," ಎಂದರು ಡಾಕ್ಟರು. "ಮತ್ತ ಧ್ವನಿ ಯಾಕ ಹೋತು?"

ರೋಹಿಣಿ ಗಂಡನನ್ನು ನೋಡಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಆಗ ಅವಳಿಗೆ ತಿಳಿಯಿತು.

"ಅಷ್ಟೊಂದು ಮಾತಾಡಿ ರೂಢಿ ಇಲ್ರಿ ಅವರಿಗೆ," ಎಂದಳು.

ಅವಳನ್ನು ಪಕ್ಕದ ಮಂಚದ ಮೇಲೆ ಬೋರಲು ಮಲಗಿಸಿ ನರ್ಸ್ ಬೆನ್ನಿನ ಮುಳ್ಳು ತೆಗೆಯತೊಡಗಿದಳು. ಒಂದೊಂದಕ್ಕೂ ಹಲ್ಲು ಕಚ್ಚುತ್ತ ರೋಹಿಣಿ ಗಂಡನ ಕಡೆ ಮುಖ ಮಾಡಿದಳು.

"ಅತ್ತಿ ಮುಂದ ಹೆಂಗ ಹೇಳ್ಲಿ ಅಂತ ನಾಚಿಕಿ ಬಂದಿತ್ತು. ಆಮ್ಯಾಲ ಮರತೆ. ಆ ಹಸರು ಸೀರಿ ಭಾಳ ಚಲೋ ಇತ್ರಿ. ಅಂಥಾದು ನಾ ಮತ್ತ ಉಟ್ಟಿಲ್ಲ."

ಮನೋಹರ ಗೋಡೆಯಿಂದ ಅವಳ ಕಡೆ ಹೊರಳಿದ.

"ಅಂಚು ಒಂದೀಟ ಸೊಟ್ಟ ಆಗಿತ್ತು," ಎಂದ.