ಬರುವಾಗಿನ ಒಂದೂವರೆ ಗಂಟೆ

ಕಣ್ಣೆರಡೂ ನೆಟ್ಟಗಿದ್ದರೂ ಬೀದಿಯವರಿಗೆಲ್ಲ ಅವನು ಒಕ್ಕಣ್ಣ. ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿಗೆ ಕೂತು ನಲವತ್ತು ವರ್ಷವಾಗಿತ್ತು. ಅವನದೊಂದು ಪದ್ಧತಿ. ರಿಪೇರಿಗೆ ಬಂದ ಗಡಿಯಾರವನ್ನು ಒಂದು ದಿನ ಅಂಗಾತ ಇಡುತ್ತಿದ್ದ, ಮರುದಿನ ಬೋರಲು ಹಾಕುತ್ತಿದ್ದ. ಎರಡು ದಿನವೂ ಒಂದೇ ಸಮನೆ ನಡೆದರೆ ಸರಿ. ಹೀಗಿಟ್ಟಾಗ ನೆಟ್ಟಗಿದ್ದು ಹಾಗಿಟ್ಟಾಗ ಹಿಂದೆ ಬಿದ್ದರೆ ಒಳಗೇನೋ ಐಬಿದೆ ಎಂದೇ ಅರ್ಥ. ಈ ಪದ್ಧತಿಯನ್ನು ಅಳಿಯನಿಗೂ ಹಚ್ಚಿದ್ದು ಅವನ ಗ್ರಹಚಾರ.

ಅಳಿಯನಿಗೆ ವಿಮಾನದಲ್ಲಿ ಊಟ ತಿಂಡಿ ಕೊಡುವ ಕೆಲಸ. ಏಳೂವರೆ ಸಾವಿರ ಕಿಲೋಮೀಟರು ದೂರದ ಒಂದೇ ಊರಿಗೆ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. ಹೊರಟಾಗೊಮ್ಮೆ, ಇಳಿದಾಗೊಮ್ಮೆ ಹೆಂಡತಿಗೆ ಫೋನು. ಮಗಳ ಬಾಯಿಂದ ಆ ಹೊತ್ತುಗಳನ್ನು ಕೇಳಿ ಒಕ್ಕಣ್ಣ ಹಾಳೆಯೊಂದರಲ್ಲಿ ಬರೆದಿಟ್ಟ. ಎರಡೂ ಊರುಗಳ ಗಡಿಯಾರದ ವ್ಯತ್ಯಾಸ ಕಳೆದೇ ಬರೆದ. ಅದರಲ್ಲಿ ಎಡವುವ ಆಸಾಮಿಯಲ್ಲ. ಹೋಗುವಾಗ ಎಂಟೂವರೆ ಗಂಟೆ. ಬರುವಾಗ ಹತ್ತು. ಪ್ರತಿ ಸಲವೂ! ಅದೇ ವಿಮಾನ, ಅಷ್ಟೇ ದೂರ. ಹೊರಟೆ ಎಂದು ಸುಳ್ಳು ಹೇಳಿ ಒಂದೂವರೆ ಗಂಟೆ ಯಾರ ಮನೆಯಲ್ಲಿ ಕೂತಿರುತ್ತಾನೆ? ಮಗಳ ಸಂಸಾರದ ಗತಿಯೇನು? ಮೂರು ತಿಂಗಳು ಒಳಗೊಳಗೇ ಕುದ್ದು, ತಡೆಯಲಾರದೆ ಒಂದು ಭಾನುವಾರ ಹಾಳೆಯನ್ನು ಮಗಳಿಗೆ ತೋರಿಸಿಯೇಬಿಟ್ಟ. ಅವಳು ನಕ್ಕಳು. ಹೊರಡುವಾಗ ಮಾತ್ರ ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮುಂದಿನ ವಾರ ಅಳಿಯ ವಿಮಾನ ಇಳಿದವನೇ ಸಮವಸ್ತ್ರದಲ್ಲೇ ಪೆಟ್ಟಿಗೆ ಎಳೆದುಕೊಂಡು ಅಂಗಡಿಗೆ ಬಂದ. ಅವನ ಕೈಗಡಿಯಾರ ನಿಂತುಹೋಗಿತ್ತು. ಸೆಲ್ ಬದಲಿಸುತ್ತ ಒಕ್ಕಣ್ಣ, ಏನೂ ಅರಿಯದವನ ಹಾಗೆ, ಬರುವಾಗ ಯಾಕೆ ತಡ ಎಂದು ಕೇಳಿದ.

“ಗಾಳಿ, ಮಾವ. ಹೋಗುವಾಗ ಹಿಂದಿನಿಂದ ತಳ್ಳುತ್ತೆ, ಬರುವಾಗ ಎದುರಾಗುತ್ತೆ. ಆ ದಾರೀಲಿ ಎಲ್ಲ ವಿಮಾನಕ್ಕೂ ಅಷ್ಟೆ.”

ಫೋನಿನಲ್ಲಿ ವೇಳಾಪಟ್ಟಿಯನ್ನೂ ತೋರಿಸಿದ. ಎಂಟೂವರೆ, ಹತ್ತು ಎಂದೇ ಇತ್ತು. ಒಕ್ಕಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚಹಾ ತರಿಸಿದ, ಇನ್ನೊಂದು ತರಿಸಿದ, ಅಳಿಯ ಎದ್ದಾಗಲೆಲ್ಲ ಕೈ ಹಿಡಿದು ಕೂರಿಸಿದ.

ಬೆಳಗಾಗುತ್ತಲೇ ಮಗಳ ಮನೆಗೆ ಓಡಿದ. ಅಳಿಯ ಇನ್ನೂ ಮಲಗಿದ್ದ. ಅಡುಗೆಮನೆಯಲ್ಲಿ ನಿಂತು ಗಾಳಿಯ ಸಂಗತಿಯನ್ನೆಲ್ಲ ಹೇಳಿ, ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡ. ಮಗಳು ಕಪಾಟಿನ ಬಾಗಿಲು ತೆರೆದಳು. ಒಳಗಡೆ ಅವನ ಹಾಳೆ ಅಂಟಿಸಿತ್ತು. ಅದರ ಕೆಳಗೆ ಅವಳ ಕೈಬರಹದಲ್ಲಿ ಹೊಸದೊಂದು ಸಾಲು.

“ಮೇಲೆ ಗಾಳಿ ಇರಬಹುದು ಅಪ್ಪ. ನಿನ್ನೆ ನಾಲ್ಕಕ್ಕೆ ಇಳಿದೆ ಅಂತ ಫೋನ್ ಮಾಡಿದ್ರು. ಅಲ್ಲಿಂದ ಮನೆಗೆ ಮುಕ್ಕಾಲು ಗಂಟೆ ದಾರಿ. ಬಂದಿದ್ದು ಆರಕ್ಕೆ.”

“ನನ್ನ ಅಂಗಡೀಲಿದ್ರು ಕಣಮ್ಮ. ನಾನೇ ಕೂರಿಸಿಕೊಂಡಿದ್ದೆ.”

ಮಗಳು ಒಂದು ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದಳು.

“ಅವರೂ ಹಾಗೇ ಅಂದ್ರು,” ಎಂದಳು. “ನೀವಿಬ್ಬರೂ ಯಾವಾಗ ಮಾತಾಡಿಕೊಂಡ್ರಿ?”