ಫಿಲ್ಟರ್ ಈಶ್ವರಪ್ಪ ಹೇಳದೆ ಇಟ್ಟುಕೊಂಡ ಪಾಠ

ಬೆಳಗಿನ ಐದೂವರೆ. ದೆಹಲಿಯ ಮಯೂರ್ ವಿಹಾರ್‌ನ ಹೌಸಿಂಗ್ ಸೊಸೈಟಿಯೊಂದರ ಹಿಂಬದಿಯ ಸ್ಕೂಟರ್ ಶೆಡ್ಡಿನಲ್ಲಿ ನಲ್ಲಿ ಎರಡು ಸಲ ಕೆಮ್ಮಿ, ಬುಸ್ ಎಂದು ಗಾಳಿ ಬಿಟ್ಟು, ಆಮೇಲೆ ನೀರು ಸುರಿಸಲು ಶುರು ಮಾಡುತ್ತದೆ. ಅದಕ್ಕೇ ಕಾದಿದ್ದ ಈಶ್ವರಪ್ಪ ಲುಂಗಿ ಮೇಲಕ್ಕೆ ಕಟ್ಟಿ ಮಣೆ ಎಳೆದುಕೊಂಡು ಕೂರುತ್ತಾರೆ. ಏಳಕ್ಕೆ ನೀರು ನಿಂತುಹೋಗುತ್ತದೆ. ಅಷ್ಟರೊಳಗೆ ಮುಂದಿರುವ ಮೂರು ಫಿಲ್ಟರುಗಳೂ ಶುದ್ಧವಾಗಬೇಕು, ಇವತ್ತು ಸಂಜೆಯೇ ಅವು ಹಿಮಾಲಯಕ್ಕೆ ಹೊರಡುತ್ತವೆ.

ಫಿಲ್ಟರ್ ಎಂದರೆ ಅಡುಗೆಮನೆಯ ಸ್ಟೀಲ್ ಡಬ್ಬವಲ್ಲ. ಸೈಕಲ್ ಪಂಪಿನ ಅರ್ಧದಷ್ಟಿರುವ ಲೋಹದ ಕೊಳವೆ. ಒಂದು ಪೈಪನ್ನು ಹಳ್ಳಕ್ಕೆ ಬಿಟ್ಟು ಹಿಡಿ ಒತ್ತಿದರೆ ಇನ್ನೊಂದು ಪೈಪಿನಿಂದ ಬಾಟಲಿಗೆ ಕುಡಿಯುವ ನೀರು ಬೀಳುತ್ತದೆ. ಒಳಗಿರುವುದು ಬಿಳಿ ಪಿಂಗಾಣಿಯ ಕ್ಯಾಂಡಲ್. ಆ ಕ್ಯಾಂಡಲನ್ನು ಈಶ್ವರಪ್ಪ ಹರಿಯುವ ನೀರಿಗೆ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾರೆ. ಕಂದು ಲೋಳೆ ಇಳಿದುಹೋಗಿ ಬಿಳುಪು ಕಾಣಿಸುತ್ತದೆ. ಸೋಪು ಮುಟ್ಟಿಸುವಂತಿಲ್ಲ.

“ಸೋಪು ಹಾಕಿದ್ರೆ ಅದು ಕುಡ್ಕೊಂಡ್ಬಿಡತ್ತೆ. ಆಮೇಲೆ ಹಿಮಾಲಯದಲ್ಲಿ ಕೂತು ಸೋಪಿನ ನೀರು ಕುಡೀಬೇಕು, ಅಷ್ಟೇ,” ಎನ್ನುತ್ತಾರೆ, ತಲೆ ಎತ್ತದೆ. ಪತ್ರಿಕೆಯ ಪುರವಣಿಗೆ ಬರೆಯಲು ಬಂದವರು ಎದುರಿಗೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾರೆ ಎನ್ನುವುದು ಅವರಿಗೆ ಮುಖ್ಯವಲ್ಲ. ನೀರು ನಿಲ್ಲುವುದರೊಳಗೆ ಮುಗಿಸುವುದು ಮುಖ್ಯ.

ಪಕ್ಕದಲ್ಲಿ ಪೈಪುಗಳು ಎರಡು ಬೇರೆ ಬೇರೆ ತಟ್ಟೆಗಳಲ್ಲಿವೆ. ಹಳ್ಳಕ್ಕೆ ಬಿಡುವ ಪೈಪಿಗೆ ಕೆಂಪು ದಾರ, ಬಾಟಲಿಗೆ ಬಿಡುವ ಪೈಪಿಗೆ ಬಿಳಿ ದಾರ. ಒಂದು ಇನ್ನೊಂದನ್ನು ತಾಕುವಂತಿಲ್ಲ, ಎರಡಕ್ಕೂ ಬೇರೆ ಬೇರೆ ಚೀಲ. ಹೆಂಡತಿ ರತ್ನಮ್ಮ ಇದನ್ನು ಕಂಡಾಗಲೆಲ್ಲ ಕಾಲೆಳೆಯುತ್ತಾರೆ: “ನಮ್ಮತ್ತೆಗೂ ಇಷ್ಟು ಮಡಿ ಇರ್ಲಿಲ್ಲ ನೋಡಿ!”

ಈಶ್ವರಪ್ಪನವರಿಗೆ ಈಗ ಐವತ್ತನಾಲ್ಕು. ಚಿತ್ರದುರ್ಗದ ಕಡೆಯವರು. ದೆಹಲಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ನೀರು ಪರೀಕ್ಷಿಸುವ ಲ್ಯಾಬಿನ ಅಟೆಂಡರ್ ಆಗಿ ಇಪ್ಪತ್ತಾರು ವರ್ಷ ಕಳೆದಿದ್ದಾರೆ. ಬಾಟಲಿ ತೊಳೆಯುವುದು, ಚೀಟಿ ಅಂಟಿಸುವುದು, ಸಾಹೇಬರು ಬರುವ ಮುಂಚೆ ಮೇಜು ಒರೆಸುವುದು. ಕನ್ನಡಿಯಂಥ ತಿಳಿ ನೀರಿನಲ್ಲೂ ಏನೇನು ಹುಳ ಇರುತ್ತದೆ ಎನ್ನುವುದನ್ನು ಅವರು ಪುಸ್ತಕದಲ್ಲಿ ಓದಿದವರಲ್ಲ, ಸಾಹೇಬರ ಭುಜದ ಹಿಂದೆ ನಿಂತು ನೋಡಿದವರು. “ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ತಿಳಿಯಾಗಿರೋದೆಲ್ಲ ನೀರೂ ಅಲ್ಲ,” ಎನ್ನುತ್ತಾರೆ.

ಏಳು ವರ್ಷದ ಹಿಂದೆ, ಎರಡು ಸಾವಿರದ ಇಸವಿಯಲ್ಲಿ, ಅದೇ ಲ್ಯಾಬಿನ ಸಂಶೋಧಕ ಯಶವಂತ್ ಒಂದು ಕೆಟ್ಟ ಫಿಲ್ಟರ್ ತಂದು ಇವರ ಕೈಗಿಟ್ಟ. ದೆಹಲಿಯ ಕನ್ನಡದ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಗುರಗಾಂವ್‌ನ ಕಂಪನಿಗಳವರು ಸೇರಿ ಕಟ್ಟಿಕೊಂಡ ‘ಹೆಜ್ಜೆ ಬಳಗ’ ಎಂಬ ಚಾರಣ ಕೂಟದ ಫಿಲ್ಟರ್ ಅದು. ಈಶ್ವರಪ್ಪ ಬಿಚ್ಚಿ ನೋಡಿದರು. ಒಣಗಿ ಸೀಳಿಹೋದ ಒಂದು ರಬ್ಬರ್ ರಿಂಗು, ಅಷ್ಟೇ ರೋಗ. ಅಂದಿನಿಂದ ಬಳಗದ ಫಿಲ್ಟರುಗಳೆಲ್ಲ ಇವರ ಸುಪರ್ದಿಯಲ್ಲಿವೆ. ಈಗ ಒಟ್ಟು ಹನ್ನೊಂದು. ಎಲ್ಲವೂ ರಾಯಭಾರ ಕಚೇರಿಗಳಿರುವ ಚಾಣಕ್ಯಪುರಿಯಿಂದ ತಮ್ಮ ದೇಶಕ್ಕೆ ಮರಳುವ ವಿದೇಶಿಯರು ಮಾರಿಹೋದ ಹಳೆ ಮಾಲು, ಬಳಸುವ ಬಗೆ ತಿಳಿಸುವ ಹಾಳೆ ಒಂದಕ್ಕೂ ಇಲ್ಲ. ಗೊತ್ತಿರುವುದೆಲ್ಲ ಈಶ್ವರಪ್ಪನವರ ತಲೆಯಲ್ಲಿದೆ.

ಲೆಕ್ಕ ಕೇಳಿದರೆ ಬ್ರಷ್ ಕೆಳಗಿಟ್ಟು ಬೆರಳು ಮಡಚುತ್ತಾರೆ. ಒಂಬತ್ತು ಜನ, ತಲೆಗೆ ದಿನಕ್ಕೆ ನಾಲ್ಕು ಲೀಟರ್, ಒಟ್ಟು ಮೂವತ್ತಾರು. ಲೀಟರಿಗೆ ಐವತ್ತು ಸಲ ಒತ್ತಬೇಕು. ಅಲ್ಲಿಗೆ ದಿನಕ್ಕೆ ಸಾವಿರದ ಎಂಟುನೂರು ಒತ್ತು. ಹದಿನಾರು ದಿನದ ಚಾರಣಕ್ಕೆ ಐನೂರ ಎಪ್ಪತ್ತಾರು ಲೀಟರ್. ವಾಪಸು ಬಂದ ಮೇಲೆ ಮತ್ತೆ ಬಿಚ್ಚು, ಉಜ್ಜು, ನೆರಳಿನಲ್ಲಿ ವಾರಗಟ್ಟಲೆ ಒಣಗಿಸು. ಅವಸರ ಮಾಡಿ ಡಬ್ಬಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ.

“ಹೊಟ್ಟೆ ಕೆಟ್ರೆ ಮಾತ್ರ ಜನಕ್ಕೆ ನೆನಪಾಗೋ ಕೆಲಸ ಇದು. ಹೊಟ್ಟೆ ನೆಟ್ಟಗಿದ್ರೆ ಈಶ್ವರಪ್ಪ ಯಾರು? ಯಾರೂ ಅಲ್ಲ,” ಎನ್ನುತ್ತಾರೆ. ನಗುತ್ತಾರೆ, ಆದರೆ ಆ ನಗು ಕಣ್ಣಿನವರೆಗೆ ಹೋಗುವುದಿಲ್ಲ. ಯಾಕೆ ಎಂದು ಕೆದಕಿದರೆ ವಿಷಯ ಹೊರಗೆ ಬರುತ್ತದೆ. ಅಯ್ಯೋ, ಬರುತ್ತದೆ ಎಂದರೆ ಕಟ್ಟೆ ಒಡೆದ ಹಾಗೆ ಬರುತ್ತದೆ.

ಏಳು ವರ್ಷದಿಂದ ಬೇರೆಯವರ ಫಿಲ್ಟರ್ ಉಜ್ಜುತ್ತಿರುವ ಈ ಮನುಷ್ಯ ಹಿಮಾಲಯವನ್ನು ಕಂಡಿರುವುದು ಕ್ಯಾಲೆಂಡರಿನಲ್ಲಿ. ಒಮ್ಮೆಯಾದರೂ ಹೋಗಬೇಕೆಂಬ ಆಸೆ. ಬಳಗದ ತಂಡದಲ್ಲಿ ನೀರಿನ ಉಸ್ತುವಾರಿಗೆಂದು ಒಬ್ಬರಿಗೆ ಜಾಗ ಇರುತ್ತದೆ, ಅದು ಯಶವಂತನದಾಗಿತ್ತು. ಈ ವರ್ಷ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಜಾಗ ಖಾಲಿಯಾಯಿತು. ಹಿಮಾಲಯದ ಜಂಸ್ಕಾರ್‌ಗೆ ಹದಿನಾರು ದಿನದ ಚಾರಣ, ನಡುವೆ ಐದು ಸಾವಿರ ಮೀಟರ್ ಎತ್ತರದ ಕಣಿವೆದಾರಿ. ಇನ್ನು ತನ್ನನ್ನು ಬಿಟ್ಟು ಯಾರನ್ನು ಕರೆಯುತ್ತಾರೆ ಎಂದುಕೊಂಡ ಈಶ್ವರಪ್ಪ ಡಾಕ್ಟರ ಸರ್ಟಿಫಿಕೇಟ್ ಮಾಡಿಸಿದರು. ಲಜಪತ್ ನಗರದಲ್ಲಿ ಬೂಟು ಕೊಂಡು, ಕಚ್ಚದಿರಲಿ ಎಂದು ತಿಂಗಳಿಡೀ ಕಾಲೋನಿ ಸುತ್ತಿದರು. ಗೇಟು ಕಾಯುವ ಭಯ್ಯಾ ಕೂಡ “ಚಾಚಾಜಿ, ಕಬ್ ಜಾ ರಹೇ ಹೋ?” ಎಂದು ಹೊರಡುವ ದಿನ ಕೇಳುವಷ್ಟು ಸುದ್ದಿಯಾಗಿತ್ತು.

ಆಗಸ್ಟ್ ಸಭೆಯಲ್ಲಿ ತಂಡದ ನಾಯಕಿ, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಇಂದಿರಾ ಮೇಡಂ ಹೆಸರು ಓದಿದರು. ನೀರಿನ ಉಸ್ತುವಾರಿ: ಸುದರ್ಶನ್. “ಈಶ್ವರಪ್ಪನವರು ನಮಗೆ ಇಲ್ಲೇ ಬೇಕು. ಅಲ್ಲದೆ ಈ ವಯಸ್ಸಿನಲ್ಲಿ ಅಷ್ಟು ಎತ್ತರ...” ಎಂದು ಒಂದು ಮಾತು ಸೇರಿಸಿದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರೂ ತಟ್ಟಿದರು.

“ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ,” ಎನ್ನುತ್ತಾರೆ ಈಶ್ವರಪ್ಪ. “ಸುಳ್ಳು ಯಾಕೆ ಹೇಳ್ಲಿ? ಮೈಯೆಲ್ಲ ಉರಿದುಹೋಯ್ತು.”

ಸುದರ್ಶನ್‌ಗೆ ಇಪ್ಪತ್ತೆಂಟು. ಗುರಗಾಂವ್‌ನ ಸಾಫ್ಟ್‌ವೇರ್ ಕಂಪನಿಯ ಹುಡುಗ. ಎರಡೇ ಭಾನುವಾರ ಇದೇ ಶೆಡ್ಡಿಗೆ ಬಂದು, ಇವರಿಂದಲೇ ಕೆಲಸ ಕಲಿತ. ಹುಡುಗ ಅಹಂಕಾರಿಯಾಗಿದ್ದರೆ, ಮೈಗಳ್ಳನಾಗಿದ್ದರೆ ಬೈದು ಹಗುರಾಗಬಹುದಿತ್ತು. ಹಾಗೇನೂ ಇಲ್ಲ. ಬರುವಾಗ ರತ್ನಮ್ಮನಿಗೆ ಬಾಳೆಹಣ್ಣು ತರುತ್ತಾನೆ, “ಅಂಕಲ್, ಅಂಕಲ್” ಎನ್ನುತ್ತಾನೆ. ಈಶ್ವರಪ್ಪನವರಿಗೆ ಮೂರು ತಿಂಗಳು ಹಿಡಿದ ರಿಂಗಿನ ಕೆಲಸ ಅವನಿಗೆ ಒಂದು ಗಂಟೆಯಲ್ಲಿ ಬಂತು. ಅದೂ ಚೆನ್ನಾಗಿ ಬಂತು! ಬಳಗದ ತಿಂಗಳ ಪತ್ರಿಕೆಯಲ್ಲಿ ಅವನು ಫಿಲ್ಟರ್ ಹಿಡಿದ ಫೋಟೋ, ಕೆಳಗೆ ‘ನಮ್ಮ ಜಲತಜ್ಞ’ ಎಂಬ ಅಕ್ಷರಗಳು. ಫೋಟೋದ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ಈಶ್ವರಪ್ಪನವರದು.

ಆರೂಮುಕ್ಕಾಲು. ಮೂರನೆಯ ಫಿಲ್ಟರಿನ ರಿಂಗಿಗೆ ಗ್ರೀಸ್ ಸವರುತ್ತಿರುವಾಗ ರತ್ನಮ್ಮ ಚಹಾ ತರುತ್ತಾರೆ. ಲೋಟ ಕೊಡುತ್ತಾ ಸುಮ್ಮನೆ ಕೇಳುತ್ತಾರೆ: “ರಾತ್ರಿ ಮಲಗೋವಾಗ ಒಳಗಿಟ್ಕೋ ಅಂತ ಹೇಳಿದ್ರಾ ಆ ಹುಡುಗನಿಗೆ?”

ಈಶ್ವರಪ್ಪ ಚಹಾ ಊದುತ್ತಾರೆ. ಅಗತ್ಯಕ್ಕಿಂತ ಹೆಚ್ಚೇ ಊದುತ್ತಾರೆ.

“ಹೇಳಿಲ್ವಾ?”

“ಓದಿದ ಹುಡುಗ. ಗೊತ್ತಿರತ್ತೆ ಬಿಡೆ.”

ಸಂಗತಿ ಇಷ್ಟು. ಎಷ್ಟೇ ಒತ್ತಿ ನೀರು ಖಾಲಿ ಮಾಡಿದರೂ ಪಿಂಗಾಣಿ ಕ್ಯಾಂಡಲ್ ತನ್ನೊಳಗೆ ತೇವ ಹಿಡಿದಿರುತ್ತದೆ. ಎತ್ತರದ ಚಳಿಗೆ ಆ ತೇವ ಮಂಜುಗಡ್ಡೆಯಾಯಿತೋ, ಕ್ಯಾಂಡಲ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆಯೂ ಬೇಡ. ಬಿರುಕು ಕಣ್ಣಿಗೆ ಕಾಣುವುದಿಲ್ಲ. ಮರುದಿನ ನೀರು ಇನ್ನೂ ಸಲೀಸಾಗಿ ಬರುತ್ತದೆ. “ಆಹಾ, ಫಿಲ್ಟರ್ ಎಷ್ಟು ಚೆನ್ನಾಗಿ ಓಡ್ತಿದೆ!” ಎಂದು ಎಲ್ಲರೂ ಖುಷಿಪಟ್ಟು ಕುಡಿಯುತ್ತಾರೆ. ಕುಡಿಯುವುದು ಹಳ್ಳದ ನೀರನ್ನು, ಹುಳದ ಸಮೇತ.

೨೦೦೪ರಲ್ಲಿ ಹೀಗೇ ಆಗಿತ್ತು. ನಾಲ್ಕು ಜನ ಹೊಟ್ಟೆ ಕೆಟ್ಟು ಬೆಟ್ಟದ ಮೇಲೆ ಮಲಗಿಬಿಟ್ಟರು, ಒಬ್ಬರನ್ನು ಕುದುರೆಯ ಮೇಲೆ ಇಳಿಸಬೇಕಾಯಿತು. ಬಳಗದವರು ಯಾವುದೋ ಢಾಬಾದ ರಾಜ್ಮಾ ಮೇಲೆ ತಪ್ಪು ಹೊರಿಸಿ ಮರೆತರು. ವಾಪಸು ಬಂದ ಫಿಲ್ಟರಿನ ಕ್ಯಾಂಡಲನ್ನು ಬಕೆಟ್ಟಿನಲ್ಲಿ ಮುಳುಗಿಸಿ ಊದಿದಾಗ ಒಂದೇ ಗೆರೆಯಲ್ಲಿ ಗುಳ್ಳೆ ಎದ್ದದ್ದನ್ನು ಕಂಡವರು ಈಶ್ವರಪ್ಪ ಮತ್ತು ಯಶವಂತ್ ಮಾತ್ರ. ಆಮೇಲೆ ಪ್ರತಿ ಸಲವೂ ಇವರು ಯಶವಂತನಿಗೆ ತಾಕೀತು ಮಾಡಿ ಕಳಿಸುತ್ತಿದ್ದರು: ರಾತ್ರಿ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ, ಹೊಟ್ಟೆಗೆ ಅವುಚಿಕೊಂಡೇ ಮಲಗಬೇಕು. ಸುದರ್ಶನ್‌ಗೆ ಎಲ್ಲ ಕಲಿಸಿದರು, ಇದೊಂದನ್ನು ಬಿಟ್ಟು.

ಮರೆತದ್ದೇ? ಬರೆಯಲು ಬಂದವರು ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಈಶ್ವರಪ್ಪನವರೇ ಶುರು ಮಾಡುತ್ತಾರೆ: “ನಾನೇನು ಬೇಕು ಅಂತ ಬಿಟ್ಟಿಲ್ಲ. ನೆನಪಾಗ್ಲಿಲ್ಲ.” ಸ್ವಲ್ಪ ಹೊತ್ತು ಗ್ರೀಸ್ ಸವರುತ್ತಾರೆ. “ನೆನಪಾಗಿತ್ತು. ಬಾಯಿವರೆಗೂ ಬಂದಿತ್ತು. ಅಲ್ಲಿ ಎಡವಟ್ಟಾಗ್ಲಿ, ಆವಾಗ ಈಶ್ವರಪ್ಪ ಇರ್ಬೇಕಿತ್ತು ಅಂತಾರೆ ಅಂದ್ಕೊಂಡೆ.”

“ಒಂಬತ್ತು ಜನ ಕುಡೀತಾರ್ರೀ ಆ ನೀರು,” ಎಂದು ರತ್ನಮ್ಮ ಖಾಲಿ ಲೋಟ ತೆಗೆದುಕೊಂಡು ಹೋಗುತ್ತಾರೆ.

ಹತ್ತು ಗಂಟೆಗೆ ಸುದರ್ಶನ್ ಬರುತ್ತಾನೆ. ಫಿಲ್ಟರುಗಳನ್ನು, ಎರಡು ಬಣ್ಣದ ದಾರದ ಪೈಪುಗಳನ್ನು ಹೇಳಿಕೊಟ್ಟಂತೆಯೇ ಬೇರೆ ಬೇರೆ ಇಟ್ಟುಕೊಳ್ಳುತ್ತಾನೆ. ಕಾಲಿಗೆ ನಮಸ್ಕಾರವನ್ನೂ ಮಾಡುತ್ತಾನೆ. “ಅಂಕಲ್, ಇನ್ನೇನಾದ್ರೂ ಹೇಳೋದಿದ್ಯಾ?”

“ಏನೂ ಇಲ್ಲ,” ಎನ್ನುತ್ತಾರೆ ಈಶ್ವರಪ್ಪ. ಅವನು ಬೈಕ್ ಹತ್ತಿ ಹೋಗುತ್ತಾನೆ.

ಮಧ್ಯಾಹ್ನ ಊಟಕ್ಕೆ ಕೂತವರು ಸಾರನ್ನ ಕಲಸಿ ಕಲಸಿ ಬಿಡುತ್ತಾರೆ. ಟಿವಿ ಹಾಕುತ್ತಾರೆ, ಆರಿಸುತ್ತಾರೆ. ಫೋನ್ ಮಾಡಿ ಹೇಳಿಬಿಡಿ ಎಂದರೆ ಹೆಂಡತಿಯ ಮೇಲೆ ರೇಗುತ್ತಾರೆ: “ಫೋನಲ್ಲಿ ಹೇಳಿದ್ರೆ ಗದ್ದಲದಲ್ಲಿ ಹೂಂ ಅಂತಾನೆ, ಮನಾಲಿ ಮುಟ್ಟೋದ್ರೊಳಗೆ ಮರೀತಾನೆ.” ನಾಲ್ಕು ಗಂಟೆಗೆ ಇದ್ದಕ್ಕಿದ್ದಂತೆ ಅಂಗಿ ಹಾಕಿಕೊಂಡು ರಸ್ತೆಗೆ ಓಡುತ್ತಾರೆ. ಬರೆಯಲು ಬಂದವರೂ ಹಿಂದೆಯೇ ಓಡಿ ಅದೇ ಆಟೋ ಹತ್ತುತ್ತಾರೆ. ಯಮುನೆಯ ಸೇತುವೆ ದಾಟುವಾಗ ಈಶ್ವರಪ್ಪ ಡ್ರೈವರಿನ ಕಡೆ ಬಾಗುತ್ತಾರೆ: “ಭಯ್ಯಾ, ಜರಾ ಜಲ್ದಿ.”

ಕಾಶ್ಮೀರಿ ಗೇಟ್ ಬಸ್ ನಿಲ್ದಾಣ. ಮನಾಲಿ ಬಸ್ಸು ಐದೂವರೆಗೆ. ಒಂಬತ್ತು ಜನ ಚೀಲಗಳ ಗುಡ್ಡೆಯ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಮಧ್ಯದಲ್ಲಿ ಸುದರ್ಶನ್. ಅದನ್ನು ಕಂಡು ಈಶ್ವರಪ್ಪನವರ ಕಾಲು ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ವಾಪಸು ಹೋಗಿಬಿಡೋಣ ಅನ್ನಿಸಿತ್ತು ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಆದರೂ ಗುಂಪಿನೊಳಗೆ ನುಗ್ಗಿ, ಸುದರ್ಶನ್‌ನ ಚೀಲದ ಹೊರಜೇಬಿನಿಂದ ಒಂದು ಫಿಲ್ಟರನ್ನು ತೆಗೆದು ಅವನ ಕೈಗಿಡುತ್ತಾರೆ.

“ಎತ್ತರಕ್ಕೆ ಹೋದ್ಮೇಲೆ ಇದು ರಾತ್ರಿ ಹೊರಗಿರಬಾರ್ದು. ಮೂರನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಕೊಂಡು ಮಲಗ್ಬೇಕು. ಚಳಿಗೆ ಬಿರುಕು ಬಿಡತ್ತೆ, ನಿಮಗೆ ಗೊತ್ತಾಗಲ್ಲ. ಬೆಳಗ್ಗೆ ಎದ್ದಾಗ ನೀರು ದಿನಕ್ಕಿಂತ ಜೋರಾಗಿ ಬಂತೋ, ಖುಷಿ ಪಡಬೇಡಿ. ಕುಡೀಲೂ ಬೇಡಿ. ಕ್ಯಾಂಡಲ್ ಬದಲಾಯಿಸಿ, ಇಲ್ಲಾಂದ್ರೆ ಕುದಿಸಿ.”

ಸುದರ್ಶನ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. “ಬೆಳಗ್ಗೆ ಕೇಳಿದ್ನಲ್ಲ ಅಂಕಲ್. ಆಗ ಯಾಕೆ ಹೇಳ್ಲಿಲ್ಲ?”

“ಹೊಟ್ಟೆಕಿಚ್ಚು. ನಿಮ್ಮ ಮೇಲೆ.”

ಗುಂಪು ಗೊಳ್ಳೆಂದು ನಗುತ್ತದೆ. “ಏನ್ ತಮಾಷೆ ಮಾಡ್ತೀರಪ್ಪ ನೀವು!” ಎನ್ನುತ್ತಾರೆ ಇಂದಿರಾ ಮೇಡಂ. ಸುದರ್ಶನ್ ಮಾತ್ರ ನಗುವುದಿಲ್ಲ. ಈಶ್ವರಪ್ಪನವರ ಮುಖವನ್ನೇ ನೋಡಿ, ನಿಲ್ದಾಣದ ಕೊಳಕು ನೆಲದ ಮೇಲೆ ಕೂತು, ಕಟ್ಟಿದ್ದ ಸ್ಲೀಪಿಂಗ್ ಬ್ಯಾಗನ್ನು ಬಿಚ್ಚುತ್ತಾನೆ. “ಹೇಗೆ ಇಡೋದು, ತೋರಿಸಿ,” ಎನ್ನುತ್ತಾನೆ. ಈಶ್ವರಪ್ಪ ಪಕ್ಕದಲ್ಲಿ ಕೂತು, ಮೂರನ್ನೂ ಒಂದೊಂದಾಗಿ ಬಟ್ಟೆ ಸುತ್ತಿ, ಹೊಟ್ಟೆ ಬರುವ ಜಾಗದಲ್ಲಿಟ್ಟು ತೋರಿಸುತ್ತಾರೆ.

ಬಸ್ಸು ಹೊರಡುತ್ತದೆ. ಕಿಟಕಿಗಳಿಂದ ಕೈಗಳು ಆಡುತ್ತವೆ. ಈಶ್ವರಪ್ಪ ತಮ್ಮ ಕೈ ಎತ್ತುವುದಿಲ್ಲ. ಈಗಲಾದರೂ ಮನಸ್ಸು ತಣ್ಣಗಾಯಿತೇ ಎಂದು ಕೇಳಿದರೆ ಸಿಡುಕುತ್ತಾರೆ: “ಎಲ್ಲಿ ತಣ್ಣಗಾಗತ್ತೆ? ಬಸ್ಸಲ್ಲಿ ಅವನೇ ತಾನೇ ಕೂತಿರೋದು!”

ಇನ್ನೇನು ಆಸೆ ಎಂದು ಕೇಳಿದರೆ, “ಮುಂದಿನ ವರ್ಷ...” ಎಂದವರು ಮಾತು ಅರ್ಧಕ್ಕೆ ಬಿಟ್ಟು ಹೆಜ್ಜೆ ಹಾಕುತ್ತಾರೆ. ನಿಲ್ದಾಣದ ಗೇಟಿನ ಹತ್ತಿರ ಬಂದ ಮೇಲೆ ನಿಂತು, ಬರೆಯಲು ಬಂದವರ ಕಡೆ ತಿರುಗುತ್ತಾರೆ.

“ಈಶ್ವರಪ್ಪನಿಗೆ ಹೊಟ್ಟೆಕಿಚ್ಚಾಯ್ತು ಅಂತ ಬರೀರಿ, ಪರವಾಗಿಲ್ಲ. ಬಸ್ಸು ಹೊರಡೋದ್ರೊಳಗೆ ಬಂದು ಹೇಳಿದ ಅಂತಾನೂ ಬರೀರಿ.”