ಗೀಟು ಹಾಕಿದ ಹೆಸರು ಮತ್ತು ಗದ್ದೆಪ್ಪನವರು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಕಾಲುವೆ ನೀರನ್ನು ನ್ಯಾಯದ ಪ್ರಶ್ನೆಯಾಗಿ ಬರೆದ ಪತ್ರಕರ್ತರಲ್ಲಿ ಶ್ರೀ ಗದ್ದೆಪ್ಪ ನಾಯಕರು ಅಗ್ರಗಣ್ಯರು. ಇದನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಿವೃತ್ತರಾಗುತ್ತಿರುವ ಅವರ ಸನ್ಮಾನದ ಸಂಚಿಕೆಗೆ ಬರೆಯಿರೆಂದು ಅದರ ಸಂಪಾದಕ ಮಂಡಳಿ ಮೂರು ಸಲ ಕಾಗದ ಹಾಕಿತು, ನಾನು ಮೂರು ಸಲ ಬರೆದು ಹರಿದೆ. ಹೊಗಳುವುದೇನೋ ಸುಲಭ. ಹೇಳಬೇಕಾದದ್ದು ಬೇರೆಯೇ ಇದೆ, ಅದು ಆರು ವರ್ಷಗಳಿಂದ ನನ್ನನ್ನು ಸುಮ್ಮನೆ ಕೂಡಗೊಟ್ಟಿಲ್ಲ.

ಮಸ್ಕಿಯ ಬೇಡರ ಓಣಿಯಲ್ಲಿ ಹುಟ್ಟಿ, ಲಿಂಗಸುಗೂರಿನಲ್ಲಿ ಓದಿ, 1981ರಲ್ಲಿ ನಮ್ಮ ಪತ್ರಿಕೆಯ ಸಿಂಧನೂರು ವರದಿಗಾರರಾದ ಅವರನ್ನು ಕಂಡು ‘ಬೇಡರವನು ಏನು ಬರೆದಾನು’ ಎಂದು ನಕ್ಕವರೇ, ನಾಲ್ಕು ವರ್ಷದಲ್ಲಿ ಅವರ ಸೈಕಲ್ ಕಂಡರೆ ಮಾತು ನಿಲ್ಲಿಸತೊಡಗಿದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ಹಾಯಿಸಿ ಹಾಯಿಸಿ ನೆಲ ಸವುಳಾದದ್ದನ್ನೂ, ಮಳೆ ತಪ್ಪಿದ ವರ್ಷ ಕೆಳಭಾಗದ ಹಳ್ಳಿಗಳ ಕುಡಿಯುವ ನೀರಿನ ಕೆರೆಗಳು ಒಣಗಿದ್ದನ್ನೂ ಅವರು ಒಂದೇ ವರದಿಯಲ್ಲಿ ಬರೆದರು. 1991ರಲ್ಲಿ ರಾಯಚೂರು ಕಚೇರಿಗೆ ಹೊಸ ಉಪಸಂಪಾದಕನಾಗಿ ಸೇರಿದ್ದ ನಾನು ಅದಕ್ಕೆ ‘ಬರಗಾಲ’ ಎಂದು ತಲೆಬರಹ ಕೊಟ್ಟೆ. ಅವರು ಫೋನಿನಲ್ಲೇ ಹರಿಹಾಯ್ದರು: “ಬರ ಬಂತು ಅಂತ ಬರಿಬ್ಯಾಡೋ ತಮ್ಮಾ. ಮಳಿ ಎಲ್ಲಾರಿಗೂ ಕೈಕೊಟ್ಟೈತಿ. ಕಾಲುವಿ ನೀರು ಯಾರ ಹೊಲಕ್ಕ ಹೋಗ್ಯಾವ, ಅದನ್ನ ಬರಿ.”

ಅವರದೊಂದು ಪದ್ಧತಿಯಿತ್ತು. ಬರೆದದ್ದನ್ನು ಸಂಬಂಧಪಟ್ಟವರ ಅಂಗಳದಲ್ಲಿ ಕುಳಿತು ಓದಿ ಹೇಳಿ, ಅವರು ಬೇಡವೆಂದದ್ದಕ್ಕೆ ಗೀಟು ಹಾಕಿದ ಮೇಲೆಯೇ ಲಕೋಟೆಯನ್ನು ರಾಯಚೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಸುದ್ದಿ ಹಳಸುತ್ತದೆಂದು ನಾವು ಗೊಣಗುತ್ತಿದ್ದೆವು.

1992ರ ಎರಡನೇ ಬೆಳೆಯ ಹೊತ್ತಿಗೆ ಮೇಲಿನ ಗದ್ದೆಯವರು ಕಾಲುವೆಗೇ ಪಂಪು ಇಟ್ಟು, ಕೊನೆಯ ಊರಿನ ಕೆರೆಗೆ ನೀರು ಹೋಗದಂತೆ ಮಾಡಿದರು. ಆ ಊರಿನ ಕೂಲಿಗಾರ್ತಿ ಕರೆಮ್ಮ ಒಂದೊಂದು ಪಂಪನ್ನೂ ಗದ್ದೆಪ್ಪನವರಿಗೆ ತೋರಿಸಿದರು. ವರದಿ ಓದಿ ಹೇಳಿದಾಗ ಆಕೆ ಕೇಳಿಕೊಂಡದ್ದು ಇಷ್ಟೇ: “ಎಲ್ಲಾ ಖರೇ ಐತ್ರಿ ಅಣ್ಣಾ. ನನ್ನ ಹೆಸರೊಂದು ತೆಗೀರಿ. ನಾ ಅವರ ಗದ್ದ್ಯಾಗೇ ನೆಲ್ಲು ಹಚ್ಚಾಕ ಹೋಗಬೇಕು.” ಅವರು ಗೀಟು ಹಾಕಿದರು. ಹೆಸರಿಲ್ಲದ ಸುದ್ದಿಗೆ ತೂಕವೆಲ್ಲಿ ಎಂದುಕೊಂಡ ಜಾಣ ನಾನು! ಗೀಟಿನಡಿ ಕಾಣುತ್ತಿದ್ದ ಹೆಸರನ್ನು ಅಚ್ಚು ಮಾಡಿಸಿಬಿಟ್ಟೆ.

ವಾರದೊಳಗೆ ಕಾಲುವೆಯಿಂದ ಪಂಪುಗಳು ಎದ್ದವು, ಕೆರೆಗೆ ನೀರು ಬಂತು. ಕರೆಮ್ಮನನ್ನು ಮಾತ್ರ ಯಾರೂ ಕೂಲಿಗೆ ಕರೆಯಲಿಲ್ಲ. ಗದ್ದೆಪ್ಪನವರು ನನ್ನನ್ನೂ ಕರೆದುಕೊಂಡು ಆಕೆಯ ಮನೆಗೆ ಹೋದರು. ನಾನು ಬಾಯಿ ತೆರೆಯುವ ಮೊದಲೇ, “ತಪ್ಪು ನಂದೇ ಐತೆವ್ವಾ” ಎಂದರು.

“ಓದಿ ಹೇಳಿದ್ದೊಂದು, ಅಚ್ಚಾದದ್ದೊಂದು. ನಿಮ್ಮನ್ನ ನಂಬಿದ್ನೆಲ್ರಿ” ಎಂದು ಕರೆಮ್ಮ ಬಾಗಿಲು ಹಾಕಿಕೊಂಡರು. ಕಚೇರಿಯಲ್ಲಿ ವಿಚಾರಣೆಯಾದಾಗಲೂ ಗದ್ದೆಪ್ಪನವರ ಮಾತು ಬದಲಾಗಲಿಲ್ಲ. ನನ್ನ ನೌಕರಿ ಉಳಿಯಿತು. ಛೀ, ನಾನು ಬಾಯಿ ಬಿಡಲೇ ಇಲ್ಲ.

ಮೊನ್ನೆ ಸೋಮವಾರ ಒಬ್ಬನೇ ಹೋಗಿ ಕರೆಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ತಲೆಯ ಮೇಲೆ ಕೈಹೊತ್ತು ಕುಳಿತರು. “ಅಯ್ಯೋ ಶಿವನೇ, ಆರು ವರ್ಷ ಆ ಮನಷ್ಯಾಗ ಒಂದು ತಂಬಿಗಿ ನೀರು ಸೈತ ಕೊಡಲಿಲ್ಲಲ್ಲೋ ನಾ!”

ಗದ್ದೆಪ್ಪನವರು ನೂರ್ಕಾಲ ಬಾಳಲಿ, ಅವರ ಪೆನ್ನಿಗೆ ವಿಶ್ರಾಂತಿ ಸಿಗದಿರಲಿ. ಸನ್ಮಾನದ ಮರುದಿನವೇ ಅವರು ಆ ಊರಿಗೆ ಹೋಗಬೇಕೆಂದು ನನ್ನ ಬಿನ್ನಹ. ಕರೆಮ್ಮ ರೊಟ್ಟಿ ಮಾಡಿ ಕಾಯುತ್ತೇನೆಂದಿದ್ದಾರೆ. ಜೊತೆಗೆ ಬರಲೇ ಎಂದು ನಾನು ಕೇಳಿದ್ದಕ್ಕೆ, “ನೀವು ಬರಬ್ಯಾಡ್ರಿ” ಎಂದರು.

— ಅಮರಗುಂಡಪ್ಪ, ರಾಯಚೂರು, 1998